ಅಟ್ಟ ಸೇರಿದ ಪವರ್ ಬ್ಯಾಂಕು

"ಬ್ಯಾಂಕು ಅಂದ್ಮೇಲೆ ಇಟ್ಟದ್ದಕ್ಕಿಂತ ಚೂರು ಜಾಸ್ತಿನೇ ವಾಪಸ್ ಕೊಡ್ಬೇಕಲ್ದನೆ? ಇದು ಎಷ್ಟು ಬಡ್ಡಿ ಕೊಡ್ತದೆ?"

2019ರ ಜುಲೈಯಲ್ಲಿ ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗೆ ಹೋದಾಗ ಅಮ್ಮನ ಕೈಗೊಂದು ಪವರ್ ಬ್ಯಾಂಕು ಕೊಟ್ಟಿದ್ದೆ. ಅಂಗೈಯಗಲದ, ಗಾತ್ರಕ್ಕೆ ಮೀರಿದ ಭಾರದ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಅವಳು ಕೇಳಿದ ಪ್ರಶ್ನೆಯಿದು. ನಾನು ನಕ್ಕುಬಿಟ್ಟೆ. ಆದರೆ ಸರಿಯಾದ ಉತ್ತರ ಹೇಳುವುದಾದರೆ, ಇದು ಇಟ್ಟದ್ದಕ್ಕಿಂತ ಕಡಿಮೆ ಕೊಡುವ ಬ್ಯಾಂಕು. ಮೇಲೆ ದೊಡ್ಡದಾಗಿ 20,000 ಎಂಎಎಚ್ ಎಂದು ಬರೆದಿರುತ್ತದೆ. ಅದು ಒಳಗಿರುವ ಸೆಲ್ಲುಗಳ ಲೆಕ್ಕ. ಅವುಗಳ ವೋಲ್ಟೇಜು ಸುಮಾರು 3.7. ಫೋನಿಗೆ ಕೊಡುವಾಗ ಅದನ್ನು 5 ವೋಲ್ಟಿಗೆ ಏರಿಸಬೇಕು. ಏರಿಸಿದಾಗ 20,000 ಅನ್ನುವುದು 14,800ಕ್ಕೆ ಇಳಿಯುತ್ತದೆ. ಅದರಲ್ಲೂ ಒಂದಿಷ್ಟು ಶಾಖವಾಗಿ ಹೋಗುತ್ತದೆ. ಕೊನೆಗೆ ಕೈಗೆ ಸಿಗುವುದು 12,000ವೋ 13,000ವೋ. ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ ಹಿಂಬದಿಯಲ್ಲಿ ಇದನ್ನೂ ಬರೆದಿರುತ್ತಾರೆ.

ನಾನು ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ಅಮ್ಮನ ಫೋನಿನ ಬ್ಯಾಟರಿ 3,000 ಎಂಎಎಚ್. "ನಾಲ್ಕು ಸಲ ತುಂಬಿಸ್ಬಹುದಮ್ಮ. ಕರೆಂಟು ಹೋದಾಗ ಫೋನನ್ನ ಆಫ್ ಮಾಡಿಡು. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಹತ್ತತ್ತು ನಿಮಿಷ ಆನ್ ಮಾಡು, ನಾನು ಆಗ್ಲೇ ಫೋನ್ ಮಾಡ್ತೀನಿ. ಹೀಗೆ ಮಾಡಿದ್ರೆ ಎರಡು ವಾರ ಕರೆಂಟಿಲ್ದಿದ್ರೂ ಚಿಂತೆಯಿಲ್ಲ" ಎಂದೆ. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದೂ ಇಟ್ಟೆ. ಅಪ್ಪ ಹೋದ ಮೇಲೆ ತೋಟದ ನಡುವಿನ ಆ ಮನೆಯಲ್ಲಿ ಅವಳೊಬ್ಬಳೇ. ಬೆಂಗಳೂರಿಗೆ ಬಾ ಎಂದರೆ ದನ, ಅಡಿಕೆ, ದೇವರ ದೀಪ ಎಂದು ಒಂದೊಂದೇ ನೆಪ ಮುಂದಿಡುತ್ತಾಳೆ. ಅವಳನ್ನು ಕರೆತರಲಾಗದ ಮೇಲೆ, ಬೇಕೆಂದಾಗ ಅವಳ ದನಿಯಾದರೂ ಸಿಗುವಂತೆ ಏರ್ಪಾಡು ಮಾಡಿ ಸಮಾಧಾನಪಟ್ಟುಕೊಂಡಿದ್ದೆ.

ಮಲೆನಾಡಿನಲ್ಲಿ ಮಳೆಗಾಲದ ಕರೆಂಟೆಂದರೆ ಬಂದರೆ ಬಂತು, ಹೋದರೆ ಹೋಯಿತು. ಗಾಳಿಗೆ ಮರವೊಂದು ತಂತಿಯ ಮೇಲೆ ಒರಗಿದರೆ ಏಳೆಂಟು ಊರು ಕತ್ತಲು. ಲೈನ್‌ಮನ್ ಪಾಪ, ಉಂಬಳ ಕಚ್ಚಿಸಿಕೊಳ್ಳುತ್ತ ಕಾಡಿನೊಳಗೆ ತಂತಿಯ ಜಾಡು ಹಿಡಿದು ನಡೆದು, ತುಂಡಾದ ಜಾಗ ಹುಡುಕಬೇಕು. ನಮ್ಮ ಬಾಲ್ಯದಲ್ಲಿ ಇದು ಯಾರಿಗೂ ದೊಡ್ಡ ಸಂಗತಿಯಾಗಿರಲಿಲ್ಲ. ಚಿಮಣಿ ಬುಡ್ಡಿಯಿತ್ತು, ಲಾಟೀನಿತ್ತು. ಕರೆಂಟಿನ ಹಂಗಿಲ್ಲದೆ ಹಾಡುವ ಅಪ್ಪನ ರೇಡಿಯೋ ಇತ್ತು. ಅದಕ್ಕೆ ಬೇಕಾದದ್ದು ಒಂಬತ್ತರ ಅಂಕಿಯೊಳಗಿಂದ ಬೆಕ್ಕು ಹಾರುವ ಚಿತ್ರದ ಕೆಂಪು ಸೆಲ್ಲುಗಳು. ಸೆಲ್ಲು ಸೋತರೆ ಅಪ್ಪ ಎಸೆಯುತ್ತಿರಲಿಲ್ಲ. ಬಿಸಿಲಿದ್ದರೆ ಅಂಗಳದಲ್ಲಿ ಅಡಿಕೆಯ ಜೊತೆ ಅದನ್ನೂ ಒಣಗಿಸುತ್ತಿದ್ದರು. ಮಳೆಗಾಲದಲ್ಲಿ ಬಚ್ಚಲೊಲೆಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಬಿಸಿ ತಗುಲಿದರೆ ಒಳಗಿನ ರಾಸಾಯನಿಕ ಕ್ರಿಯೆ ಒಂದಿಷ್ಟು ಚುರುಕಾಗುತ್ತದೆ ಎಂದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಅಪ್ಪನಿಗೆ ಗೊತ್ತಿದ್ದದ್ದು ಇಷ್ಟೇ: ಬೆಚ್ಚಗಿಟ್ಟರೆ ಇನ್ನೆರಡು ದಿನ ವಾರ್ತೆ ಕೇಳಬಹುದು.

ಆ ವರ್ಷ ಆಗಸ್ಟ್ ಮೊದಲ ವಾರ ಆಶ್ಲೇಷ ಮಳೆ ಹಿಡಿದುಕೊಂಡಿತು. ಕರ್ನಾಟಕದ ಅರ್ಧ ಭಾಗ ನೆರೆಯಲ್ಲಿ ಮುಳುಗಿದ ಆ ದಿನಗಳು ಅನೇಕರಿಗೆ ನೆನಪಿರಬಹುದು. ಟೀವಿಯಲ್ಲಿ ಒಂದರ ಹಿಂದೊಂದು ನದಿ ಕೆಂಪಾಗಿ ಉಕ್ಕುತ್ತಿತ್ತು. ನಮ್ಮೂರಿನಲ್ಲಿ ಕರೆಂಟು ಹೋಯಿತು. ಮೊದಲ ದಿನ ಸಂಜೆ ಏಳಕ್ಕೆ ಅಮ್ಮ ಸಿಕ್ಕಳು. "ಮಳೆ ಮಾರಾಯ್ತಿ, ಒಂದೇ ಸಮ. ನಾನು ಆರಾಮಿದ್ದೇನೆ" ಎಂದಳು. ಎರಡನೆಯ ದಿನ ಬೆಳಿಗ್ಗೆಯೂ ಸಿಕ್ಕಳು. ಅಂದು ಸಂಜೆ ಏಳಕ್ಕೆ ಸಿಗಲಿಲ್ಲ. ಏಳೂಕಾಲಕ್ಕೆ, ಏಳೂವರೆಗೆ, ಎಂಟಕ್ಕೆ ಮಾಡಿದೆ. ಫೋನು ಸ್ವಿಚ್ ಆಫ್ ಆಗಿದೆ ಎಂದು ಅದೇ ಹೆಣ್ಣುದನಿ ಅದೇ ಸೌಜನ್ಯದಿಂದ ಹೇಳುತ್ತಲೇ ಇತ್ತು.

ಮೂರನೆಯ ದಿನ ಆ ದನಿಯ ಮಾತು ಬದಲಾಯಿತು: ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಕೇಳುವವರಿಗೆ ಎರಡೂ ಒಂದೇ ಅನ್ನಿಸಬಹುದು. ನಾನಂತೂ ಆ ಎರಡು ವಾಕ್ಯಗಳ ನಡುವೆ ಇಡೀ ದಿನ ಒದ್ದಾಡಿದೆ. ಫೋನು ಆಫ್ ಆಗುವ ಮುನ್ನ 'ನಾನು ಹೊರಟೆ' ಎಂದು ಟವರಿಗೊಂದು ಸುದ್ದಿ ಮುಟ್ಟಿಸಿ ಹೋಗುತ್ತದೆ. ಹಾಗಾಗಿ ಸ್ವಿಚ್ ಆಫ್ ಎಂದರೆ ಹೇಳಿಯೇ ಹೋದದ್ದು. ವ್ಯಾಪ್ತಿಯ ಹೊರಗೆ ಎಂದರೆ ಹೇಳದೆ ಕೇಳದೆ ಕಾಣೆಯಾದದ್ದು. ಒಮ್ಮೆ ಫೋನು ಹಚ್ಚಿದಳೇ? ಹಚ್ಚಿದವಳಿಗೆ ಏನಾಯಿತು? ಗುಡ್ಡದ ಮೇಲಿನ ಟವರಿಗೂ ಕರೆಂಟು ಬೇಕು, ಅದು ಇಲ್ಲದಾಗ ಅದೂ ಬ್ಯಾಟರಿ ಮತ್ತು ಡೀಸೆಲ್ ಜನರೇಟರನ್ನೇ ನಂಬಿ ನಿಂತಿರುತ್ತದೆ ಎಂಬುದು ನನ್ನ ಲೆಕ್ಕದಲ್ಲಿ ಬಂದೇ ಇರಲಿಲ್ಲ. ರಸ್ತೆ ಕುಸಿದು ಡೀಸೆಲ್ ಬರದಿದ್ದರೆ ಟವರು ಮಲಗುತ್ತದೆ. ಆಗ ಎಷ್ಟು ಸಾವಿರ ಎಂಎಎಚ್ ತುಂಬಿಟ್ಟಿದ್ದರೂ ಕೈಯಲ್ಲಿರುವುದು ಬರೀ ಬ್ಯಾಟರಿಯ ಕಲ್ಲು. ಸಾಲದ್ದಕ್ಕೆ, ಸಿಗದ ಸಿಗ್ನಲ್ಲನ್ನು ಹುಡುಕಿ ಹುಡುಕಿ ಫೋನು ಇರುವ ಚಾರ್ಜನ್ನೂ ಬೇಗ ಕಳೆದುಕೊಳ್ಳುತ್ತದೆ.

ಬಸ್ಸು ಹೊರಡುವ ಖಾತ್ರಿಯಿರಲಿಲ್ಲ. ಊರಿನ ಎಂಟು ಹತ್ತು ನಂಬರುಗಳಿಗೆ ಮಾಡಿದೆ. ಯಾವುದೂ ಹತ್ತಲಿಲ್ಲ. ಆ ರಾತ್ರಿ ಬೆಂಗಳೂರಿನ ಫ್ಲ್ಯಾಟಿನಲ್ಲಿ, ಕರೆಂಟು ಹೋದ ಕೂಡಲೇ ತಾನೇ ಗುರುಗುಟ್ಟುವ ಜನರೇಟರಿನ ಬೆಳಕಿನಲ್ಲಿ ಕೂತು ನಾನು ಅಮ್ಮನ ಮೇಲೆ ಸಿಟ್ಟು ಮಾಡಿಕೊಂಡೆ. ಹೆದರಿಕೆಗೆ ಹಾಕಿಕೊಳ್ಳಲು ಬೇರೆ ಅಂಗಿ ಸಿಗದಾಗ ಅದು ಸಿಟ್ಟಿನ ಅಂಗಿ ತೊಡುತ್ತದೆ. ಅಷ್ಟು ಹೇಳಿಯೂ ಮರೆತಳು, ಟಾರ್ಚು ಹಾಕಿ ಚಾರ್ಜು ಮುಗಿಸಿದಳು ಎಂದೆಲ್ಲ ಅವಳನ್ನು ಮನಸ್ಸಿನಲ್ಲೇ ಬೈದೆ.

ಐದನೆಯ ದಿನ ಮಧ್ಯಾಹ್ನ ಅಮ್ಮನೇ ಫೋನು ಮಾಡಿದಳು. "ಎಂಥದೇ, ಊಟ ಆಯ್ತಾ?" ಎಂದಳು, ಏನೂ ಆಗದವರ ಹಾಗೆ. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟೆ. ಅಷ್ಟು ದುಡ್ಡು ಕೊಟ್ಟು ತಂದುಕೊಟ್ಟದ್ದು ಯಾಕೆ, ನಿನಗೆ ನನ್ನ ಜೀವದ ಬೆಲೆ ಗೊತ್ತಿಲ್ಲ, ಇತ್ಯಾದಿ. ಅವಳು ಅಡ್ಡ ಮಾತಾಡಲಿಲ್ಲ. ನನ್ನ ಉಸಿರು ಕಟ್ಟುವವರೆಗೆ ಕಾದು ಹೇಳಿದಳು: "ಕೆಳಮನೆ ಹುಡುಗಿಗೆ ಹೆರಿಗೆಯಾಯ್ತು. ಹೆಣ್ಣು ಮಗು."

ಕೆಳಮನೆಯ ಅಕ್ಕನ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ದಿನ ತುಂಬಿತ್ತು. ಎರಡನೆಯ ದಿನ ಹೊತ್ತೇರುವಷ್ಟರಲ್ಲಿ ಆ ಮನೆಯ ಫೋನುಗಳೆಲ್ಲ ಸತ್ತಿದ್ದವು. ಅಮ್ಮ ಪವರ್ ಬ್ಯಾಂಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ಕೊಟ್ಟು ಬಂದಳು. ತನ್ನ ಫೋನಿಗೆ ಚಾರ್ಜು ಮಾಡಿಕೊಂಡಿರಲಿಲ್ಲ. ಸಂಜೆಗೆ ಅದೂ ಆರಿತು. ಅಂದೇ ರಾತ್ರಿ ಹುಡುಗಿಗೆ ನೋವು ಶುರುವಾಯಿತು. ಟವರು ಇನ್ನೂ ಎಚ್ಚರವಿತ್ತು. ಆಶಾ ಕಾರ್ಯಕರ್ತೆಗೆ, ಜೀಪಿನವರಿಗೆ, ರಸ್ತೆಗೆ ಬಿದ್ದ ಮರ ಕಡಿಯಲು ಆಚೆ ಊರಿನ ಹುಡುಗರಿಗೆ ಫೋನು ಹೋಯಿತು. ಮರ ಕಡಿದು ಮುಗಿಯುವವರೆಗೂ ಆ ಕಡೆಯವರಿಗೂ ಈ ಕಡೆಯವರಿಗೂ ಮಾತು ನಡೆಯುತ್ತಲೇ ಇತ್ತಂತೆ. ಬೆಳಗಿನ ಜಾವ ಜೀಪು ಆಸ್ಪತ್ರೆ ತಲುಪಿತು. ಅದೇ ದಿನ ಟವರು ಆರಿತು. ಪವರ್ ಬ್ಯಾಂಕು ಪೇಟೆಯ ಔಷಧಿ ಅಂಗಡಿಯ ಜನರೇಟರಿನಲ್ಲಿ ಮತ್ತೆ ತುಂಬಿಕೊಂಡು, ಟವರು ಎದ್ದ ಐದನೆಯ ದಿನ, ಒಂದು ಹಿಡಿ ಸಕ್ಕರೆಯ ಪೊಟ್ಟಣದೊಂದಿಗೆ ನಮ್ಮ ಮನೆಗೆ ವಾಪಸ್ಸಾಯಿತು.

"ನಿಂಗೂ ಏನಾದ್ರೂ ಆಗಿದ್ರೆ?" ಎಂದು ಕೇಳಿದೆ. ದನಿ ಇಳಿದಿತ್ತು.

"ನನ್ನ ಫೋನು ನಿನ್ನ ಹೆದರಿಕೆಗೆ ಮಾರಾಯ್ತಿ. ಅವ್ರದ್ದು ಹೆರಿಗೆಗೆ. ಯಾವ್ದು ಮೊದ್ಲು?"

ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ. ಅಮ್ಮ ಆ ಮನೆಯಲ್ಲಿ ಜಾರಿ ಬಿದ್ದಿದ್ದರೆ ನಾನು ಈ ಕತೆಯನ್ನು ಇಷ್ಟು ಸಲೀಸಾಗಿ ಬರೆಯುತ್ತಿರಲಿಲ್ಲ. ಆದರೆ ಅವಳಿಗೆ ಆ ಚಾರ್ಜು ಹಾಲಿಗೆ ಹಾಕುವ ಹೆಪ್ಪಿನ ಹಾಗೆ. ಯಾರ ಮನೆಯಲ್ಲಿ ಹೆಪ್ಪು ತಪ್ಪಿತೋ ಅವರು ಇನ್ನೊಬ್ಬರ ಮನೆಯಿಂದ ಒಂದು ಚಮಚ ಒಯ್ಯುತ್ತಾರೆ. ಕೊಟ್ಟವರು ಲೆಕ್ಕ ಬರೆದಿಡುವುದಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ರಸಾಯನಶಾಸ್ತ್ರದ ನೊಬೆಲ್ ಘೋಷಣೆಯಾಯಿತು: ಲಿಥಿಯಂ ಅಯಾನ್ ಬ್ಯಾಟರಿಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ನೊಬೆಲ್ ಪಡೆದವರಲ್ಲೇ ಅತ್ಯಂತ ಹಿರಿಯರು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಆ ಬ್ಯಾಟರಿಯ ಹಿಂದೆ ಈ ಮೂವರ ಕೆಲಸವಿತ್ತು. ಸುದ್ದಿ ಓದುವಾಗ ನನಗೆ ಕಂಡದ್ದು ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಕೆಳಮನೆಯ ದಾರಿ ಇಳಿಯುತ್ತಿದ್ದ ಅಮ್ಮ.

ದೀಪಾವಳಿಗೆ ಊರಿಗೆ ಹೋದೆ. ಪವರ್ ಬ್ಯಾಂಕು ಎಲ್ಲಿ ಎಂದು ಕೇಳಿದರೆ ಅಮ್ಮ ಅಡುಗೆಮನೆಯ ಒಲೆಯ ಮೇಲಿನ ಅಟ್ಟದತ್ತ ಕೈ ತೋರಿಸಿದಳು. ಬೆಂಕಿಪೊಟ್ಟಣ, ಬಿತ್ತನೆಯ ಸೌತೆಬೀಜ, ವಾಟೆಹುಳಿ, ಇವುಗಳ ನಡುವೆ ಹಳೆಯ ಬಟ್ಟೆಯಲ್ಲಿ ಸುತ್ತಿ ಅದನ್ನು ಇಟ್ಟಿದ್ದಳು. "ಬೆಚ್ಚಗಿರ್ಲಿ ಅಂತ. ನಿನ್ನಪ್ಪ ಸೆಲ್ಲು ಇಡ್ತಿದ್ರಲ್ಲ." ನನ್ನ ಎದೆ ಧಸಕ್ಕೆಂದಿತು. ಲಿಥಿಯಂ ಬ್ಯಾಟರಿಗೆ ಶಾಖವೇ ಶತ್ರು. ಆಯುಷ್ಯ ಕಡಿಮೆಯಾಗುತ್ತದೆ, ಕೆಟ್ಟರೆ ಉಬ್ಬುತ್ತದೆ, ಬೆಂಕಿಯೂ ಹತ್ತಬಹುದು. ವಿಮಾನದಲ್ಲಿ ಇದನ್ನು ಸರಕಿನೊಂದಿಗೆ ಬಿಡದೆ ಕೈಚೀಲದಲ್ಲೇ ಇಟ್ಟುಕೊಳ್ಳಿ ಎನ್ನುವುದೂ ಅದಕ್ಕೇ. ಬಹಳ ದಿನ ಮುಟ್ಟದೆ ಇಡುವುದಾದರೆ ಅರ್ಧ ತುಂಬಿ, ತಣ್ಣಗಿನ ಒಣ ಜಾಗದಲ್ಲಿಟ್ಟು, ಕೆಲವು ತಿಂಗಳಿಗೊಮ್ಮೆ ಚಾರ್ಜು ಮಾಡಬೇಕು. ಮಳೆಗಾಲ ಹತ್ತಿರವಾದಾಗ ಪೂರ್ತಿ ತುಂಬಿಸಿದರಾಯಿತು. ಇಷ್ಟನ್ನೂ ವಿವರಿಸಿ ಹೇಳಿದೆ. ಅಮ್ಮ ಗಮನವಿಟ್ಟು ಕೇಳಿದಳು. ಪವರ್ ಬ್ಯಾಂಕು ದೇವರ ಕೋಣೆಯ ಗೂಡಿಗೆ ಬಂತು.

"ಮುಂದಿನ ಸಲ ಬರುವಾಗ ಇನ್ನೊಂದು ತಾ" ಎಂದಳು. ನನಗೆ ಖುಷಿಯಾಯಿತು. ಕೊನೆಗೂ ಒಂದನ್ನು ತನಗೆಂದೇ ಇಟ್ಟುಕೊಳ್ಳುತ್ತಾಳೆ ಎಂದುಕೊಂಡೆ.

"ಒಂದು ಕೆಳಮನೆಗಿರ್ಲಿ. ಮೇಲಿನಮನೆಯವ್ರು ಕೇಳಿದ್ರೆ ಇನ್ನೊಂದು ಬೇಕಲ್ದಾ?"

ವಾಪಸ್ ಬರುವ ರಾತ್ರಿ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗ ಸಂಕೋಚದಿಂದ ಕೇಳಿದ: "ಅಕ್ಕಾ, ಒಂದು ಹತ್ತು ನಿಮಿಷ ಚಾರ್ಜಿಗೆ ಹಾಕ್ಕೊಳ್ಲಾ?" ನನ್ನ ಪವರ್ ಬ್ಯಾಂಕಿನ ಗುಂಡಿ ಒತ್ತಿ ನೋಡಿದೆ. ನಾಲ್ಕರಲ್ಲಿ ಒಂದೇ ದೀಪ ಹತ್ತಿತು. ಬೆಂಗಳೂರು ಇನ್ನೂ ಆರು ಗಂಟೆ ದೂರ, ನನ್ನ ಫೋನು ಮೂವತ್ತು ಪರ್ಸೆಂಟು. ಲೆಕ್ಕ ಹಾಕತೊಡಗಿದ ಮನಸ್ಸು ಅಲ್ಲೇ ನಿಂತಿತು. ವೈರು ಬಿಚ್ಚಿ ಅವನ ಕೈಗೆ ಕೊಟ್ಟೆ. ಫೋನು ಜೀವ ಬಂದ ಕೂಡಲೇ ಅವನು ಯಾರಿಗೋ ಮೆಲ್ಲಗೆ ಹೇಳಿದ: "ಬಸ್ ಹತ್ತಿದೀನಿ ಅಮ್ಮ, ನೀನು ಮಲ್ಕೋ."