ಎರಡು ಮುಖದ ದಬ್ಬೆಗೋಡೆ

ಮನೆಗೆ ಅಂಟದ, ಸೂರು ಹೊರದ, ಬಾಗಿಲಿಲ್ಲದ 12 ಅಡಿ ಗೋಡೆಯೊಂದು ಕುಕ್ಕುವಾಡದ ನಮ್ಮ ಹಿತ್ತಲಲ್ಲಿ, ನೀರೊಲೆಗೂ ನುಗ್ಗೆಮರಕ್ಕೂ ನಡುವೆ ನಿಂತಿದೆ. ಯಾಕೆ ಇದು ಅಂದವರಿಗೆ ಅವ್ವ "ಗಾಳಿಗೆ" ಅಂತಾಳೆ, ನಾನು "ಮರೆಗೆ" ಅಂತೀನಿ. ಇಬ್ಬರದೂ ಅರ್ಧ ಸುಳ್ಳು. ಕಟ್ಟಬೇಕು ಅನ್ನಿಸಿತ್ತು, ಕಟ್ಟಿದೆವು.

ಭದ್ರಾ ನಾಲೆ ಹರಿಯುವ ಸೀಮೆ ಇದು. ಭತ್ತ, ಕಬ್ಬಿನ ಜೊತೆ ಅಡಿಕೆಯೂ ಬೇರೂರಿದೆ, ದಬ್ಬೆಗೆ ಬರವಿಲ್ಲ. ಮುದಿ ಅಡಿಕೆಮರ ಸೀಳಿದರೆ ಹೊರಗೆ ಕಬ್ಬಿಣ, ಒಳಗೆ ಬೆಂಡು. ಬೆಂಡು ಉಳಿದರೆ ಮಳೆನೀರು ಕುಡಿದು ಕೊಳೆಯುತ್ತದೆ, ಗೆದ್ದಲಿಗೆ ಹಬ್ಬ. ಅವ್ವ ಕುಡುಗೋಲು ಹಿಡಿದು ಕೂತಳೆಂದರೆ ಬೆಂಡು ನಾರುನಾರಾಗಿ ಅವಳ ಕಾಲಬುಡದಲ್ಲಿ ಗುಡ್ಡೆ ಬೀಳುತ್ತಿತ್ತು. ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ಸಿಬಿರು.

ಕಂಬಕ್ಕೆ ಕರಿಜಾಲಿ. 8 ಅಡಿಯ ನಾಲ್ಕು, ಅದರಲ್ಲಿ 2 ಅಡಿ ನೆಲದೊಳಗೆ. ಬುಡವನ್ನು ನೀರೊಲೆಗೇ ಒಡ್ಡಿ ಕರಿಕಾಗುವಷ್ಟು ಸುಟ್ಟೆವು. ಎರೆಮಣ್ಣಿನ ಗುಣ ಗೊತ್ತಲ್ಲ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ನಡುವೆ ಸಿಕ್ಕ ಕಂಬವನ್ನು ಹಾಲುಹಲ್ಲಿನ ಹಾಗೆ ಅಲ್ಲಾಡಿಸುತ್ತದೆ. ಹಾಗಾಗಿ ತೆಗೆದ ಮಣ್ಣನ್ನೇ ಗುಂಡಿಗೆ ತುಂಬುವಂತಿಲ್ಲ. ತಳಕ್ಕೆ ಜಲ್ಲಿ, ಸುತ್ತ ಗರಸು, ಹಾರೆಯ ಹಿಂಬದಿಯಿಂದ ಪದರಪದರವಾಗಿ ಕುಟ್ಟಾಟ. ಸಿಮೆಂಟ್ ಹಾಕೋಣವೇ ಅಂದೆ. "ಬಟ್ಟಲಾಗೆ ನಿಲ್ಲಿಸಿದಂಗೆ ಆಗ್ತದೆ. ಒಳಗೆ ಇಳಿದ ನೀರು ಎಲ್ಲಿಗೆ ಹೋಗ್ಬೇಕು?"

ಹರಿಹರದಿಂದ ತಂದ ರಸಮಟ್ಟ ಹಿಡಿದು, ಗುಳ್ಳೆ ನಡುವೆ ಬಂತು ಎಂದು ನಾನು ಕೂಗಿದರೆ ಅವ್ವ ಹತ್ತು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚುತ್ತಿದ್ದಳು. "ಗುಳ್ಳೆಗೆ ಸರಿ ಇರಬಹುದು." ಜಾಲಿ ಹುಟ್ಟಾ ಕೊಂಕು, ರಸಮಟ್ಟಕ್ಕೆ ತಾನು ತಾಗಿದ ಒಂದಡಿಯ ಸಂಗತಿಯಷ್ಟೇ ಗೊತ್ತು. ಮೂರನೇ ಕಂಬವನ್ನು ಎರಡು ಸಲ ಕಿತ್ತು ನೆಟ್ಟೆವು.

ಜಗಳ ಹತ್ತಿದ್ದು ಮುಖದ ವಿಚಾರಕ್ಕೆ. ಒಂಟಿ ಗೋಡೆಗೆ ಒಳಗು ಹೊರಗು ಇಲ್ಲ. ಅಡ್ಡಪಟ್ಟಿಗಳ ಒರಟು ಬೆನ್ನು ಯಾರ ಕಡೆ ಇರಬೇಕು? 1224ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರದ ಗುಡಿಯಲ್ಲಿ ಒಂದೇ ಮೈಯನ್ನು ಶಿವನೂ ವಿಷ್ಣುವೂ ಹಂಚಿಕೊಂಡಿಲ್ಲವೇ, ಹಾಗೇ ಮಾಡಿದೆವು: ಪಟ್ಟಿಯ ಈಚೆಗೊಂದು ದಬ್ಬೆ, ಆಚೆಗೊಂದು. ನೆಟ್ಟಗೆ ನೋಡಿದರೆ ಪೂರ್ತಿ ಮರೆ. ಗಾಳಿ ಮಾತ್ರ ಓರೆಯಾಗಿ ನುಸುಳಿ ಹೋಗುತ್ತದೆ. ಇಲ್ಲದಿದ್ದರೆ ಆಸರೆಯಿಲ್ಲದ ಗೋಡೆಯನ್ನು ಆಷಾಢ ಬಿಟ್ಟೀತೇ? ದಬ್ಬೆಗೆ ಮೊಳೆಯನ್ನು ಸೀದಾ ಹೊಡೆಯಬಾರದು, ಬೈರಿಗೆಯಿಂದ ತೂತು ಕೊರೆದೇ ಹೊಡೆಯಬೇಕು. ಮೂರು ದಬ್ಬೆ ಸೀಳಿದ ಮೇಲೆ ಬಂದ ವಿದ್ಯೆ.

ಆ ಮೂರರಿಂದಾಗಿಯೇ ಕೊನೆಗೆ ಒಂದು ದಬ್ಬೆ ಗೇಣು ಗಿಡ್ಡವಾಯಿತು. ಮಂಡಕ್ಕಿ ಮೆಣಸಿನಕಾಯಿ ಮೆಲ್ಲುತ್ತ ಆ ಸಂದನ್ನೇ ನೋಡುತ್ತಿದ್ದೆ. "ಇರಲಿ ಬಿಡು, ಕೋಳಿ ಓಡಾಡೋಕೆ" ಅಂದಳು ಅವ್ವ. ಕೋಳಿ ಇವತ್ತಿಗೂ ಗೋಡೆ ಸುತ್ತಿಕೊಂಡೇ ಹೋಗುತ್ತದೆ.