ಕಾಲು ಚಾಚುವ ಬಸ್ಸಿನಲ್ಲಿ ಯೆಲ್ಲೋಸ್ಟೋನ್

ಅಮೆರಿಕದ ಅಕ್ಕನ ಮನೆಗೆ ಹೋದಾಗ ಯೆಲ್ಲೋಸ್ಟೋನ್ ನೋಡಿ ಬಂದೆವು, ಗೆಳತಿಯರೇ. 1872ರಲ್ಲೇ ರಾಷ್ಟ್ರೀಯ ಉದ್ಯಾನವಾದ ಕಾಡದು. ನಮ್ಮ ಬಿಡಾರ ಬಾಡಿಗೆಯ ಮೋಟಾರ್‌ಹೋಮ್. ಒಲೆ, ಮಂಚ, ಬಚ್ಚಲು ಎಲ್ಲಾ ಇರುವ ಬಸ್ಸೆನ್ನಿ! ಫಿಶಿಂಗ್ ಬ್ರಿಜ್ ಎಂಬಲ್ಲಿ ತಂಗಿದೆವು. ಕರಡಿಗಳ ಭಯದಿಂದ ಅಲ್ಲಿ ಬಟ್ಟೆಯ ಡೇರೆಗೆ ಅಪ್ಪಣೆಯಿಲ್ಲ.

ಬಸ್ಸು ವಾಲದಂತೆ ನಿಲ್ಲಿಸಲು ಅಡಿಯಲ್ಲಿ ಉಕ್ಕಿನ ಕಾಲುಗಳಿವೆ. ಅವನ್ನು ಇಳಿಸುವುದು ಎಣ್ಣೆಯ ಒತ್ತಡ. ಕಾಲು ಚಾಚಿದಾಗ ಎಣ್ಣೆ ಅವುಗಳೊಳಗೆ ಸೇರಿ, ಡಬ್ಬಿಯಲ್ಲಿ ಕಡಿಮೆ ಕಾಣುತ್ತೆ. ಆಗ ಸುರಿದಿರೋ, ಕಾಲು ಮೇಲೆತ್ತಿದೊಡನೆ ಹಾಲಿನ ಹಾಗೆ ಉಕ್ಕಿ ಚೆಲ್ಲೀತು! ಅದಕ್ಕೇ ಭಾವ ಹೊರಡುವ ಬೆಳಿಗ್ಗೆ ಕಾಲುಗಳನ್ನೆಲ್ಲ ಎತ್ತಿದ ಮೇಲೇ ಎಣ್ಣೆ ಅಳೆದರು. ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಬೇಕಂತೆ; ಸಿಕ್ಕಿದ್ದನ್ನಲ್ಲ.

ಹಿಂದಿನ ಸಂಜೆ ಮಕ್ಕಳ ಚೆಂಡು ಬಸ್ಸಿನಡಿ ಉರುಳಿತ್ತು. ನುಸುಳಲು ಹೋದವನನ್ನು ಭಾವ ತೋಳು ಹಿಡಿದೆಳೆದರು. ಒತ್ತಡ ಇಳಿದರೆ ಬಸ್ಸೂ ಕುಸಿಯುತ್ತೆ! ಚೆಂಡನ್ನು ಉದ್ದ ಕೋಲಿನಿಂದ ತೆಗೆದೆವು.