ಪಕ್ಕವಾದ್ಯದವರೂ ಫೋಟೊದಲ್ಲಿರಲಿ

ಗುಮ್ಮಳಾಪುರ ಎಂದೊಡನೆ ಬೇಟೆಯ ಕಥೆ ಓದುವವರಿಗೆ ಕೆನೆತ್ ಆಂಡರ್ಸನ್ ಬರೆದ ನರಭಕ್ಷಕ ಚಿರತೆ ನೆನಪಾಗುತ್ತದೆ. ನನಗೆ ನೆನಪಾಗುವವರು ಸಿದ್ಧಲಿಂಗ ಯತಿಗಳು. ತಮಿಳುನಾಡಿನ ತಳಿಯ ಕಡೆಯ ಈ ಗಡಿ ಊರಿನ ಹೆಸರಿನಿಂದಲೇ ಕರೆಸಿಕೊಂಡ ಅವರು ಶೂನ್ಯಸಂಪಾದನೆಯನ್ನು ರಚಿಸಿದ ನಾಲ್ವರಲ್ಲಿ ಒಬ್ಬರು. ಬಿಡಿಬಿಡಿಯಾಗಿದ್ದ ವಚನಗಳನ್ನು ಎದುರುಬದುರು ಕೂರಿಸಿ ಮಾತಾಡಿಸಿದ ಗ್ರಂಥ ಅದು. ಅಲ್ಲಮ ಕೇಳುತ್ತಾನೆ, ಅಕ್ಕ ಉತ್ತರಿಸುತ್ತಾಳೆ. ಸಂಗೀತ ಕಚೇರಿಯ ಫೋಟೊ ತೆಗೆಯುವವರು ಮೊದಲು ಕಲಿಯಬೇಕಾದ ವಿದ್ಯೆಯೂ ಹೀಗೆ ಎದುರುಬದುರಿನ ಮಾತುಕತೆಯನ್ನು ಹಿಡಿಯುವುದೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಾಡುವವರು ಒಂದು ಸಂಗತಿ ಹಾಕಿದರೆ ಪಿಟೀಲು ಅದನ್ನು ಹಿಡಿದು ಮುಂದುವರಿಸುತ್ತದೆ. ತಾಳವಾದ್ಯಗಳದೇ ಸರದಿಯಾದ ತನಿಯಲ್ಲಿ ಮೃದಂಗ ಕೊಟ್ಟ ಲೆಕ್ಕಕ್ಕೆ ಘಟ ಮಾರುತ್ತರ ಕೊಡುತ್ತದೆ. ಆಗ ಹಾಡುವವರ ಕಣ್ಣು ಪಕ್ಕಕ್ಕೆ ಹೊರಳಿ, ತಲೆ ತುಸು ತೂಗುತ್ತದಲ್ಲ, ಫೋಟೊ ಇರುವುದು ಅಲ್ಲಿ. ನಮಗೆ ಹೆಚ್ಚಾಗಿ ಸಿಗುವುದೋ, ಬಾಯಿ ತೆರೆದ ಒಂದು ಮುಖ ಮತ್ತು ಅದರ ಅರ್ಧ ಮುಚ್ಚಿದ ಮೈಕು!

ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳುವ ಹುಡುಗರಿಗೆ ಹಾಗಾಗಿಯೇ ನಾನು ಲೆನ್ಸಿನ ಮಾತನ್ನು ಮೊದಲು ಎತ್ತುತ್ತೇನೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಆದರೂ ಸರಿ, ಅದಕ್ಕೆ ಎಫ್ 1.8ರ 35 ಅಥವಾ 50 ಎಂಎಂ ಲೆನ್ಸ್ ಇರಲಿ. ಜೊತೆಗೆ ಬರುವ ಕಿಟ್ ಲೆನ್ಸ್ ಜೂಮ್ ಮಾಡಿದಾಗ 5.6ಕ್ಕೆ ನಿಂತುಬಿಡುತ್ತದೆ, 1.8ರಲ್ಲಿ ಅದರ ಸುಮಾರು ಹತ್ತರಷ್ಟು ಬೆಳಕು ಒಳಗೆ ಬರುತ್ತದೆ. 200 ಎಂಎಂ ಲೆನ್ಸ್ ಒಬ್ಬರನ್ನು ಹತ್ತಿರ ತರುತ್ತದೆ ನಿಜ, ಉಳಿದವರನ್ನೆಲ್ಲ ಆಚೆಗೆ ಹಾಕುತ್ತದೆ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ.

ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದಂಥ ಕಡೆ ವೇದಿಕೆಯ ಬೆಳಕು ಹದವಾಗಿರುತ್ತದೆ. ಗುಮ್ಮಳಾಪುರದ ಗೌರಮ್ಮನ ಜಾತ್ರೆಯಂಥ ರಾತ್ರಿಗಳೇ ನಿಜವಾದ ಪರೀಕ್ಷೆ. ಕೆಂಪು, ನೀಲಿ ಎಲ್‌ಇಡಿಗಳು ಮುಖದ ಗೆರೆಗಳನ್ನೆಲ್ಲ ನುಂಗಿಬಿಡುತ್ತವೆ. ರಾ ಫೈಲ್‌ನಲ್ಲಿ ತೆಗೆದು ಬೆಳಕನ್ನು ತುಸು ಕಡಿಮೆ ಇಟ್ಟುಕೊಂಡರೆ ಆಮೇಲೆ ಮುಖ ಉಳಿಯುತ್ತದೆ. ನಮ್ಮ ಕರೆಂಟು 50 ಹರ್ಟ್ಸ್‌ನದು. ಅಗ್ಗದ ದೀಪಗಳು ಅದರಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಫೋಟೊದಲ್ಲಿ ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಶಟರನ್ನು 1/100ಕ್ಕೋ 1/50ಕ್ಕೋ ಇಟ್ಟರೆ ಬಹುಪಾಲು ಪಟ್ಟೆ ಮಾಯ. ಆ ವೇಗದಲ್ಲಿ ತಮಟೆಯವನ ಕೈ ಮಸುಕಾಗುತ್ತದೆ. ಆಗಲಿ, ಮುಖ ನಿಂತರೆ ಸಾಕು. ಮಸುಕಾದ ಕೈಯಲ್ಲೇ ಪೆಟ್ಟು ಕೇಳಿಸುತ್ತದೆ.

ಇನ್ನು ಸದ್ದು. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಕನ್ನಡಿ ಎದ್ದು ಬೀಳುವ ಟಪ್ ಸದ್ದು ಆಲಾಪನೆಯ ನಡುವೆ ಮುಂದಿನ ಸಾಲಿನವರ ಕಿವಿಗೆ ಚುಚ್ಚುತ್ತದೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದೆ, ಆದರೆ ಆ ಪಟ್ಟೆಗಳ ಕಾಟ ಅದಕ್ಕೇ ಹೆಚ್ಚು. ದಾರಿ ಸಂಗೀತದಲ್ಲೇ ಇದೆ: ಆಲಾಪನೆ ಮುಗಿಯುವವರೆಗೆ ಕೈಕಟ್ಟಿ ಕೇಳಿ, ತನಿ ಶುರುವಾದ ಮೇಲೆ ಎಷ್ಟು ಬೇಕಾದರೂ ಒತ್ತಿ. ಮೃದಂಗದ ಅಬ್ಬರದಲ್ಲಿ ಯಾರಿಗೂ ಕೇಳದು.

ಕೂರುವ ಜಾಗವೂ ಮುಖ್ಯ. ಪಿಟೀಲಿನವರು ಸಾಮಾನ್ಯವಾಗಿ ಹಾಡುವವರ ಎಡಕ್ಕೆ, ಮೃದಂಗದವರು ಬಲಕ್ಕೆ. ಸಭೆಯ ಬಲತುದಿಯಲ್ಲಿ, ಪಿಟೀಲಿನ ಓರೆಗೆ ಕೂತರೆ ಮೃದಂಗದವರ ಮುಖ ನಮ್ಮ ಕಡೆಗಿರುತ್ತದೆ. ಹಾಡುವವರು ಪಿಟೀಲಿನತ್ತ ತಿರುಗಿದೊಡನೆ ಎರಡು ಮುಖಗಳೂ ಒಂದೇ ಚೌಕಟ್ಟಿಗೆ ಬರುತ್ತವೆ. ಹಿಂದಿನ ಸಾಲಿನ ಘಟದವರಿಗಾಗಿ ಅರ್ಧ ಹೆಜ್ಜೆ ಸರಿದುಕೊಳ್ಳಿ. ಪ್ರಿಂಟ್ ಹಾಕಿಸಿದಾಗ ಅವರಿಗೂ ಒಂದು ಪ್ರತಿ ಮುಟ್ಟಿಸಿ.